ಬೀಗ ಹಾಕಿದ್ದು ಯಾರಿಗೆ?

ನನ್ನ ಲಾಕರಿನಲ್ಲಿ ಹತ್ತೊಂಬತ್ತು ವರ್ಷದಿಂದ ಒಂದು ಲಕೋಟೆ ಇದೆ. ಅದು ನನ್ನದಲ್ಲ, ಠಾಣೆಯಲ್ಲಿರುವ ನನ್ನ ತಂಗಿಯದು. ಅವಳು ಹೆಣ್ಣುಮಗುವೊಂದನ್ನು ದತ್ತು ತಗೊಂಡಾಗ ಬಂದ ಕೋರ್ಟ್ ಆದೇಶ, ಸಂಸ್ಥೆಯವರ ಕಾಗದ ಅದರಲ್ಲಿವೆ. "ಅಣ್ಣಾ, ನಮ್ಮನೇಲಿ ಬೇಡ, ನಿನ್ನ ಹತ್ರಾನೇ ಇರ್ಲಿ" ಅಂದಿದ್ದಳು. ಹೋದ ತಿಂಗಳು ಆ ಹುಡುಗಿಯೇ ಫೋನ್ ಮಾಡಿದಳು. "ಮಾಮಾ, ನನ್ನ ಕಾಗದ ನಿಮ್ಮ ಲಾಕರಿನಲ್ಲಿದೆಯಂತೆ. ನೋಡಬಹುದಾ?" ತಾನು ದತ್ತು ಮಗಳು ಅನ್ನೋದು ಅವಳಿಗೆ ಚಿಕ್ಕಂದಿನಿಂದಲೇ ಗೊತ್ತು. ಆದರೂ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಅಮ್ಮನ್ನ ಕೇಳಿ ಹೇಳ್ತೀನಿ" ಅಂದು ಫೋನ್ ಇಟ್ಟೆ.

ಅವತ್ತಿನಿಂದ ಒಂದೇ ಯೋಚನೆ: ಇಂಥ ಕಾಗದಕ್ಕೆ ಮೊದಲು ಬೀಗ ಹಾಕಿದವರು ಯಾರು, ಯಾಕೆ? ಹುಡುಕುತ್ತಾ ಹೋದರೆ ಕಥೆ ಅಮೆರಿಕಾಕ್ಕೆ ಹೋಗಿ ಮುಟ್ಟಿತು.

1917ರಲ್ಲಿ ಮಿನೆಸೋಟ ರಾಜ್ಯ ದತ್ತು ದಾಖಲೆಗಳನ್ನು ಸಾರ್ವಜನಿಕರು ನೋಡಬಾರದು ಅಂತ ಕಾನೂನು ಮಾಡಿತು. ಆಗ ಮದುವೆಯಾಗದ ತಾಯಿಯ ಮಗು ಅಂದರೆ ಊರೆಲ್ಲ ಆಡಿಕೊಳ್ಳುತ್ತಿತ್ತು. ಆ ಬಾಯಿಂದ ಮಗುವನ್ನು ಕಾಪಾಡುವುದೇ ಉದ್ದೇಶ. ಸಂಬಂಧಪಟ್ಟವರು ಮಾತ್ರ ನೋಡಬಹುದಿತ್ತು. ಆಮೇಲೆ ಒಂದೊಂದೇ ರಾಜ್ಯ ದತ್ತು ತಂದೆತಾಯಿಯ ಹೆಸರಿನಲ್ಲಿ ಹೊಸ ಜನನ ಪತ್ರ ಕೊಟ್ಟು, ಅಸಲನ್ನು ಮೊಹರು ಮಾಡಿ ಒಳಗಿಡತೊಡಗಿತು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಆ ಬೀಗ ಬೆಳೆದು ನಿಂತ ಮಗುವಿಗೂ ಬಿತ್ತು. ಊರವರ ಬಾಯಿಗೆ ಹಾಕಿದ್ದ ಬೀಗ ಕೊನೆಗೆ ಮಗುವಿನ ಕೈಗೇ ಬಿತ್ತಲ್ಲ! ಕನ್ಸಾಸ್, ಅಲಾಸ್ಕಾ ಮಾತ್ರ ದೊಡ್ಡವರಾದ ದತ್ತು ಮಕ್ಕಳಿಗೆ ಯಾವತ್ತೂ ಬಾಗಿಲು ಮುಚ್ಚಲಿಲ್ಲ.

ಒರೆಗಾನ್ ರಾಜ್ಯ 1957ರಲ್ಲಿ ಮುಚ್ಚಿತ್ತು. ಅಲ್ಲಿ ಹೆಲೆನ್ ಹಿಲ್ ಎಂಬ ಚಿತ್ರಕಲಾ ಶಿಕ್ಷಕಿ, ತಾನೂ ದತ್ತು ಮಗಳೇ, ಸಹಿ ಸಂಗ್ರಹ ಮಾಡಿಸಿ ವಿಷಯವನ್ನು ಜನಮತಕ್ಕೆ ತಂದರು. 1998ರ ನವೆಂಬರಿನಲ್ಲಿ ಶೇಕಡಾ 57ರಷ್ಟು ಜನ ಹೌದು ಅಂದರು: 21 ತುಂಬಿದವರು ಕೇಳಿದರೆ ಅಸಲು ಜನನ ಪತ್ರ ಕೊಡಬೇಕು. ಹೆಸರು ಹೇಳದ ಕೆಲವು ತಾಯಂದಿರು ಕೋರ್ಟಿಗೆ ಹೋದರು. ನಮಗೆ ಗುಟ್ಟಿನ ಮಾತು ಕೊಟ್ಟಿದ್ದಿರಲ್ಲ ಅನ್ನೋದು ಅವರ ಅಳಲು. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬಾರದು. ಆದರೆ ಕಾನೂನು ಅಂಥ ಮಾತು ಕೊಟ್ಟೇ ಇರಲಿಲ್ಲ ಅಂತ 1999ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಗಮನಿಸಿ, ತಾಯಿ ಮಗುವನ್ನು ಬಿಟ್ಟುಕೊಟ್ಟ ಕ್ಷಣ ಪತ್ರಕ್ಕೆ ಮೊಹರು ಬೀಳುತ್ತಿರಲಿಲ್ಲ, ದತ್ತು ಆದ ಮೇಲೆ ಬೀಳುತ್ತಿತ್ತು. ಯಾರೂ ದತ್ತು ತಗೊಳ್ಳದ ಮಗುವಿನ ಪತ್ರ ಹಾಗೇ ಉಳಿಯುತ್ತಿತ್ತು. ಕೊನೆಗೆ 2000ದ ಮೇ 30ರಂದು ಅಮೆರಿಕಾದ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ, ಕಾನೂನು ಜಾರಿಗೆ ಬಂತು. ತಾಯಿಗೂ ಒಂದು ಅನುಕೂಲ ಮಾಡಿದ್ದರು: ನನ್ನನ್ನು ಸಂಪರ್ಕಿಸಬಹುದು, ಬೇಡ, ಅಥವಾ ಮಧ್ಯವರ್ತಿಯ ಮೂಲಕ ಅಂತ ಬರೆದುಕೊಡುವ ಫಾರಂ.

ಬ್ರಿಟನ್ನಿನಲ್ಲಿ ಇದು ಮೊದಲೇ ಆಗಿತ್ತು. ಸ್ಕಾಟ್ಲೆಂಡಿನ 1930ರ ಕಾನೂನು 17 ತುಂಬಿದವರಿಗೆ ಅಸಲು ದಾಖಲೆ ನೋಡಲು ಬಿಟ್ಟಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಹಕ್ಕು ಬಂದದ್ದು 1975ರ ಮಕ್ಕಳ ಕಾಯಿದೆಯಿಂದ. ಅದಕ್ಕೂ ಹಿಂದೆ ದತ್ತು ಹೋದವರು ಮೊದಲು ಒಬ್ಬ ಸಲಹೆಗಾರರ ಜೊತೆ ಕೂತು ಮಾತಾಡಬೇಕಿತ್ತು. ಹಳೇ ತಾಯಂದಿರು ಗುಟ್ಟು ಉಳಿಯುತ್ತದೆಂದು ನಂಬಿದ್ದರು ನೋಡಿ, ಅದಕ್ಕೆ.

ಇನ್ನು ನಮ್ಮ ಕಡೆ? ಹಿಂದೆ ದತ್ತು ಅಂದರೆ ನೆಂಟರಿಷ್ಟರ ಎದುರಿಗೆ, ಬಹಿರಂಗವಾಗಿ ಕೊಟ್ಟು ತಗೊಳ್ಳುವುದು. ಹೆತ್ತವಳು ಯಾರು ಅಂತ ಹುಡುಗನಿಗೂ ಗೊತ್ತು, ಊರಿಗೂ ಗೊತ್ತು. 1956ರ ಹಿಂದೂ ದತ್ತಕ ಕಾಯಿದೆ ಹಳೇ ಮನೆಯ ನಂಟನ್ನು ಕಡಿದರೂ ಒಂದನ್ನು ಉಳಿಸಿದೆ: ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗಬಾರದಿತ್ತೋ ಅವರನ್ನು ದತ್ತು ಹೋದ ಮೇಲೂ ಆಗುವಂತಿಲ್ಲ. ಹುಟ್ಟಿದ ಮನೆಯೇ ಗೊತ್ತಿಲ್ಲದವರು ಇದನ್ನು ಪಾಲಿಸುವುದು ಹೇಗೆ ಸ್ವಾಮಿ? ಸಂಸ್ಥೆಗಳ ಮೂಲಕ ದತ್ತು ಹೋದವರಿಗೆ 2022ರ ನಿಯಮಗಳಲ್ಲಿ 'ಮೂಲ ಹುಡುಕಾಟ'ಕ್ಕೆ ಅವಕಾಶವಿದೆ. 18 ತುಂಬಿದವರು ತಾವೇ ಕೇಳಬಹುದು. ಆದರೆ ಹೆತ್ತವರ ಗೋಪ್ಯತೆಗೆ ಧಕ್ಕೆ ಬರುವಂತಿಲ್ಲ. ಹಾಗಾಗಿ ಒರೆಗಾನ್‌ನಂತೆ ಕೇಳಿದ ಕೂಡಲೇ ಹೆಸರು ಸಿಗುವ ಖಾತ್ರಿ ಇಲ್ಲ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಯಾರೋ ನಂಬಿ ಇಟ್ಟ ವಸ್ತು ಕಾಯುವವನದಾಗುವುದಿಲ್ಲ. ಗ್ರಾಹಕ ಬಂದು ಕೇಳಿದರೆ ಕೊಡಬೇಕು, ನಿಮಗ್ಯಾಕೆ ಅಂತ ಕೇಳುವಂತಿಲ್ಲ. ಆದರೆ ಈ ಲಕೋಟೆ ಇಟ್ಟವಳು ಒಬ್ಬಳು, ಒಳಗಿನ ಹೆಸರು ಇನ್ನೊಬ್ಬಳದು.

ನಿನ್ನೆ ತಂಗಿಗೆ ಇಷ್ಟನ್ನೂ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವಳು ನನ್ನ ಬಿಟ್ಟು ಹೋದ್ರೆ?" ಅಂದಳು. ಅದಕ್ಕೆ ಯಾವ ದೇಶದ ಕಾನೂನಿನಲ್ಲೂ ಉತ್ತರ ಇಲ್ಲ. "ಕೇಳಿದ್ದು ಕಾಗದ ಕಣೇ, ಇನ್ನೊಬ್ಬ ಅಮ್ಮನ್ನಲ್ಲ" ಅಂದೆ. ಶನಿವಾರ ಲಾಕರ್ ತೆಗೆಯುತ್ತೇನೆ. ಭಾನುವಾರ ಠಾಣೆಗೆ ಹೋಗಿ ಲಕೋಟೆಯನ್ನು ಮೊದಲು ತಂಗಿಯ ಕೈಗೆ ಕೊಡುತ್ತೇನೆ. ಮಗಳ ಕೈಗೆ ಅವಳೇ ಕೊಡಲಿ ಅಂತ ನನ್ನಾಸೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?