ಪಿರೇಯಸ್ ಬಂದರಿನ ವಾಟರ್ ಪೋಲೋ: ಒಲಿಂಪಿಯಾಕೋಸ್

ಗ್ರೀಸಿನ ಬಂದರು ಊರು ಪಿರೇಯಸ್‌ನಲ್ಲಿ ಒಲಿಂಪಿಯಾಕೋಸ್ ಕ್ಲಬ್ ಹುಟ್ಟಿದ್ದು 1925ರ ಮಾರ್ಚ್ 10ರಂದು. ನಮ್ಮ ಕಡೆಯವರು ಕೇಳಿದ್ದರೆ ಅದರ ಫುಟ್‌ಬಾಲ್ ಬಗ್ಗೆ ಕೇಳಿರುತ್ತಾರೆ. ವಾಟರ್ ಪೋಲೋದಲ್ಲಿ ಬಹುಕಾಲ ಅದೇ ಊರಿನ ಎಥ್ನಿಕೋಸ್ ತಂಡದ್ದೇ ದರ್ಬಾರು. ಒಲಿಂಪಿಯಾಕೋಸ್ ಪುರುಷರು ಯುರೋಪ್ ಚಾಂಪಿಯನ್ನರಾದದ್ದು 2002ರಲ್ಲಿ. 2018ರಲ್ಲಿ ಇಟಲಿಯ ಪ್ರೊ ರೆಕ್ಕೊವನ್ನು ಅವರ ಮನೆಬಾಗಿಲಲ್ಲೇ, ಜಿನೋವಾದಲ್ಲಿ, 9–7ರಿಂದ ಮಣಿಸಿ ಮತ್ತೊಮ್ಮೆ. ಮಹಿಳೆಯರದು ಇನ್ನೂ ಒಂದು ಕೈ ಮೇಲು: 2015, 2021, 2022.

ಹರಿಹರದಲ್ಲಿ ತುಂಗಭದ್ರೆಗೆ ಧುಮುಕಿ ಈಜು ಕಲಿತವರಿಗೂ ಈ ಆಟ ಸಲೀಸಲ್ಲ. ಗೋಲ್‌ಕೀಪರ್ ಬಿಟ್ಟು ಉಳಿದವರು ತಳಕ್ಕೆ ಕಾಲೂರುವಂತಿಲ್ಲ, ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಗದ್ದದಡಿ ದಾರ ಕಟ್ಟಿದ ಟೋಪಿಗೆ ಕಿವಿ ಕಾಯುವ ಪ್ಲಾಸ್ಟಿಕ್ ಮುಚ್ಚಳ. ಗೋಲ್‌ಕೀಪರ್ ಟೋಪಿ ಕೆಂಪು.