ದಖ್ಖನಿನ ಬಿಸಿಲೂ ಕ್ಯಾಮೆರಾ ಪೆಟ್ಟಿಗೆಯೂ

ಸುಲ್ತಾನ್ ಬಜಾರ್ ಎಂದೊಡನೆ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಮೊದಲು ನೆನಪಾಗುವುದು ಸೀರೆ, ಬಳೆ, ಮದುವೆಯ ಜವಳಿ; ಅನಂತರ ಕೋಠಿಯ ಕಾಲುಹಾದಿಯಲ್ಲಿ ಹರಡಿದ ಹಳೆಯ ಪುಸ್ತಕಗಳು. ಅಲ್ಲಿಂದ ಬ್ಯಾಂಕ್ ಸ್ಟ್ರೀಟಿನ ಕಡೆಗೆ ಹೊರಳಿದವರಿಗೆ ಕ್ಯಾಮೆರಾ ಸಾಮಾನಿನ ಅಂಗಡಿಗಳೂ ಕಾಣುತ್ತವೆ. ಚೀಲ, ಮುಕ್ಕಾಲಿ, ಫ್ಲಾಷು, ಫಿಲ್ಟರು, ಕೊರಳಿಗೆ ಹಾಕುವ ಪಟ್ಟಿ ಮುಂತಾದವು ಒಂದರ ಮೇಲೊಂದು ನೇತಾಡುತ್ತಿರುತ್ತವೆ. ಪ್ರತಿಯೊಂದನ್ನೂ ಅಂಗಡಿಯವನು 'ಹೊಸ ಮಾಡೆಲ್' ಎಂದೇ ತೋರಿಸುತ್ತಾನೆ. ಆ ಹೊಸತೆಲ್ಲ ಎಲ್ಲಿಯದೆಂದು ಕೇಳಿದರೆ ಜಪಾನಿನದು, ಚೀನದ್ದು ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳೇನೂ ಅಲ್ಲ. ಆದರೂ ಈ ಯಂತ್ರವು ನಮ್ಮ ಕೈಗೆ ಬಂದು ನೂರೆಪ್ಪತ್ತು ವರ್ಷ ಮಿಕ್ಕಿರುವಾಗ, ಅದರ ಆಕಾರದಲ್ಲಿಯೂ ಸಲಕರಣೆಯಲ್ಲಿಯೂ ನಮ್ಮ ನಾಡಿನ ಗುರುತು ಏನೂ ಉಳಿದಿಲ್ಲವೆ ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಉಳಿದಿದೆ, ಅದೂ ಧಾರಾಳವಾಗಿ, ಎಂಬುದು ನಮ್ಮ ಅಭಿಪ್ರಾಯ.

ಈ ಪೇಟೆಯ ಹಳೆಯ ಹೆಸರು ರೆಸಿಡೆನ್ಸಿ ಬಜಾರ್. ಬ್ರಿಟಿಷ್ ರೆಸಿಡೆಂಟನ ಅರಮನೆಯಂಥ ಕಟ್ಟಡ, ಇಂದು ಮಹಿಳಾ ವಿಶ್ವವಿದ್ಯಾಲಯವಾಗಿರುವುದು, ಇದರ ನೆರೆಯಲ್ಲಿಯೇ ಇದೆ. ನಿಜಾಮರ ರಾಜಧಾನಿಯ ಅಂಚಿನಲ್ಲಿದ್ದೂ ಈ ಬೀದಿಗಳು ರೆಸಿಡೆಂಟನ ಅಧಿಕಾರಕ್ಕೆ ಒಳಪಟ್ಟಿದ್ದವು. 1933ರಲ್ಲಿ ನಿಜಾಮರಿಗೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಎಂದಾಯಿತು. ಒಂದು ಕಡೆ ಮೂಸಿಯಾಚೆಯ ಹಳೆಯ ನಗರ, ಇನ್ನೊಂದು ಕಡೆ ಸಿಕಂದರಾಬಾದಿನ ದಂಡು. ನಡುವೆ ಈ ಪೇಟೆ. ಕಲಬುರ್ಗಿ, ಬೀದರ, ರಾಯಚೂರುಗಳಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ಕೋರ್ಟಿನ ಕೆಲಸಕ್ಕೆ, ಓದಿಗೆ, ನೌಕರಿಗೆ ಬಂದ ನಮ್ಮ ಹಿರಿಯರು ಊರಿಗೆ ಮರಳುವ ಮುನ್ನ 'ಒಂದು ಫೋಟೋ ತೆಗೆಸಿಕೊಂಡು ಹೋಗೋಣ' ಎಂದರೆ ಅದಕ್ಕೂ ಇದೇ ನಗರ.

ಯಂತ್ರವು ವಿಲಾಯಿತಿಯಿಂದ ಬಂದಿತು. ವಿಲಾಯಿತಿಯ ಹವೆಯಾದರೋ ಜೊತೆಗೆ ಬರಲಿಲ್ಲ. ತೊಡಕು ಮೊದಲಾದದ್ದು ಇಲ್ಲಿಯೇ. 1851ರಲ್ಲಿ ಆರ್ಚರ್ ಎಂಬ ಆಂಗ್ಲನು ಪ್ರಕಟಿಸಿದ ಹಸಿಫಲಕದ ವಿಧಾನದಲ್ಲಿ, ಗಾಜಿನ ಮೇಲೆ ಕಲೋಡಿಯನ್ ಎಂಬ ಅಂಟುದ್ರವವನ್ನು ಹೊಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರ ಹಿಡಿದು, ಒಣಗುವುದರೊಳಗೇ ಮೂಡಿಸಿ ಮುಗಿಸಬೇಕು. ಲಂಡನ್ನಿನಲ್ಲಿ ಹತ್ತು ನಿಮಿಷ ಹಸಿಯಾಗಿರುವ ಫಲಕ ನಮ್ಮ ವೈಶಾಖದ ಬಿಸಿಲಿನಲ್ಲಿ ಎಷ್ಟು ಹೊತ್ತು ತಡೆದೀತು! ಆದ್ದರಿಂದ ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಯ ಡೇರೆ, ಸೀಸೆಗಳ ಪೆಟ್ಟಿಗೆ, ನೀರಿನ ಕೊಡ, ಗಾಜಿನ ಹೊರೆ ಇವುಗಳನ್ನು ಎತ್ತಿನ ಗಾಡಿಯಲ್ಲಿಯೋ ಕೂಲಿಗಳ ತಲೆಯ ಮೇಲೆಯೋ ಹೇರಿಸಿಕೊಂಡು ಹೋಗಬೇಕಾಗಿತ್ತು. ಆ ಡೇರೆಯೊಳಗಿನ ಸೆಕೆಯನ್ನೂ ಈಥರಿನ ವಾಸನೆಯನ್ನೂ ವಾಚಕರು ಊಹಿಸಿಕೊಳ್ಳಬಹುದು.

ಈ ಹೊರೆಯನ್ನು ಇಳಿಸಿದ ಉಪಾಯದ ಸೊಗಸಾದ ನಿದರ್ಶನ ನಮ್ಮ ಹಂಪೆಯದು. ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು 1856ರಲ್ಲಿ ಹಂಪೆಯ ಅವಶೇಷಗಳ ಸುಮಾರು ಅರವತ್ತು ಚಿತ್ರಗಳನ್ನು ತೆಗೆದನು. ಅವನು ಬಳಸಿದ್ದು ಗಾಜನ್ನಲ್ಲ, ಮೇಣದ ಕಾಗದವನ್ನು. ಫ್ರಾನ್ಸಿನ ಲ ಗ್ರೇ ಎಂಬವನು ರೂಪಿಸಿದ್ದ ವಿಧಾನವದು. ಒಳ್ಳೆಯ ಕಾಗದವನ್ನು ಮೊದಲು ಕರಗಿದ ಮೇಣದಲ್ಲಿ ನೆನೆಸಿ, ಆಮೇಲೆ ಬೆಳ್ಳಿಯ ಲವಣವನ್ನು ಊಡಿಸಿ, ಒಣಗಿಸಿ ಇಟ್ಟುಕೊಂಡರೆ ದಿನಗಟ್ಟಲೆ ಕೆಡದು. ಚಿತ್ರ ಹಿಡಿದ ಬಳಿಕವೂ ಕೂಡಲೇ ಮೂಡಿಸಬೇಕೆಂಬ ಆತುರವಿಲ್ಲ. ಬೆಳಕಿಗೆ ಒಡ್ಡುವ ಕಾಲವೇನೋ ನಿಮಿಷಗಟ್ಟಲೆ ಬೇಕು. ಆದರೆ ಹಂಪೆಯ ಕಂಬಗಳಿಗೆ ಅಲುಗಾಡುವ ಚಟವಿಲ್ಲವಷ್ಟೆ. ಗಾಜಿನ ಹೊರೆ ಹೋಗಿ ಕಾಗದದ ಸುರುಳಿಯಾಯಿತು, ಕತ್ತಲೆಯ ಡೇರೆ ಹಿಂದೆ ಬಿಡಾರದಲ್ಲಿಯೇ ಉಳಿಯಿತು. ಉಷ್ಣದೇಶಕ್ಕೆ ತಕ್ಕ ಸಲಕರಣೆಯನ್ನು ಆರಿಸಿದ ಈ ವಿವೇಕದ ಫಲವನ್ನು ಕಾಣಬೇಕಾದರೆ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವನ್ನು ನೋಡಬೇಕು. ರಥದ ಮೇಲೆ ಅಂದು ಇಟ್ಟಿಗೆಯ ಶಿಖರವಿತ್ತು. ಮುಂದೆ ಅದು ಇಲ್ಲವಾಯಿತು. ಈಗ ಹಂಪೆಗೆ ಹೋದವರು ಚಪ್ಪಟೆ ತಲೆಯ ರಥವನ್ನೇ ಪೂರ್ಣವೆಂದು ತಿಳಿದು ಬರುತ್ತಾರೆ. ಶಿಖರ ಆ ಮೇಣದ ಕಾಗದದಲ್ಲಿ ಉಳಿದಿದೆ. ಆ ಕಾಗದಗಳೂ ನೂರಕ್ಕೂ ಹೆಚ್ಚು ವರ್ಷ ಕಣ್ಮರೆಯಾಗಿದ್ದು 1980ರ ದಶಕದಲ್ಲಷ್ಟೇ ವಿದ್ವಾಂಸರ ಬಳಕೆಗೆ ಬಂದವು.

ಹಂಪೆಯಿಂದ ಮತ್ತೆ ಹೈದರಾಬಾದಿಗೆ ಬರೋಣ. ಇಲ್ಲಿಯ ಛಾಯಾಚಿತ್ರದ ಕಥೆಯೆಂದರೆ ಬಹುಮಟ್ಟಿಗೆ ಲಾಲಾ ದೀನದಯಾಳರ ಕಥೆಯೇ. 1844ರಲ್ಲಿ ಮೀರತ್ತಿನ ಸಮೀಪದ ಸರಧನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೂರಿನ ಲೋಕೋಪಯೋಗಿ ಕಚೇರಿಯಲ್ಲಿ ನಕ್ಷೆ ಬರೆಯುವವರಾಗಿದ್ದವರು. ನಕ್ಷೆಗಾರನ ಕಣ್ಣು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಚಿತ್ರಗಳಲ್ಲಿ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ, 'ಮುಸವ್ವಿರ್ ಜಂಗ್', 'ರಾಜಾ ಬಹಾದೂರ್' ಎಂಬ ಬಿರುದುಗಳನ್ನು ಪಡೆದು 1905ರಲ್ಲಿ ತೀರಿಕೊಂಡರು.

ಅವರ ಅರಮನೆ ಚಿತ್ರಗಳನ್ನೂ ಬೇಟೆಯ ಚಿತ್ರಗಳನ್ನೂ ಎಲ್ಲರೂ ಹೊಗಳುತ್ತಾರೆ. ನಮಗೆ ಅದಕ್ಕಿಂತ ದೊಡ್ಡದೆಂದು ತೋರುವುದು 1892ರಲ್ಲಿ ಅವರು ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೋ. ಪರ್ದಾ ಪಾಲಿಸುವ ಮನೆತನಗಳ ಸ್ತ್ರೀಯರು ಪರಪುರುಷನ ಮುಂದೆ ಕೂಡುವಂತಿಲ್ಲ, ಕೂಡದೆ ಚಿತ್ರವಿಲ್ಲ. ಎಂಥ ಒಳ್ಳೆಯ ಮಸೂರವನ್ನು ತರಿಸಿದರೂ ಈ ಗಂಟು ಬಿಚ್ಚುವಂತಿರಲಿಲ್ಲ. ದೀನದಯಾಳರು ಸ್ಟುಡಿಯೋದ ಸುತ್ತ ಎತ್ತರವಾದ ಗೋಡೆಗಳನ್ನೆಬ್ಬಿಸಿ, ಒಳಗಿನ ಕೆಲಸವನ್ನೆಲ್ಲ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ವಹಿಸಿದರು. ಕ್ಯಾಮೆರಾ ಹಳೆಯದೇ, ಫಲಕ ಹಳೆಯದೇ. ಹೊಸದು ಗೋಡೆ ಮತ್ತು ಅದರ ಒಳಗಿದ್ದ ಹೆಣ್ಣಿನ ಕೈ. ಗೋಡೆಯನ್ನು ಛಾಯಾಚಿತ್ರದ ಉಪಕರಣವೆಂದು ಕರೆಯುವುದು ಅತಿಯಾಯಿತೆಂದು ಕೆಲವರು ನಗಬಹುದು. ಯಾವುದು ಇಲ್ಲದಿದ್ದರೆ ಚಿತ್ರವೇ ಇಲ್ಲವೋ ಅದು ಉಪಕರಣವಲ್ಲದೆ ಮತ್ತೇನು? ಈ ಸೌಕರ್ಯವು ಶ್ರೀಮಂತರ ಮನೆಯವರಿಗೆ ಮಾತ್ರ ಒದಗಿತೆಂಬುದನ್ನೂ ಹೇಳಲೇಬೇಕು. ಇನ್ನೊಂದು ವಿಚಿತ್ರ: ಆ ಸ್ಟುಡಿಯೋವನ್ನು ನಡೆಸಿದಾಕೆಯನ್ನು ಚರಿತ್ರೆಯ ಪುಟಗಳು ಇಂದಿಗೂ ಗಂಡನ ಹೆಸರಿನಿಂದಲೇ 'ಶ್ರೀಮತಿ' ಎಂದು ಕರೆಯುತ್ತವೆ. ಗೋಡೆಯೊಳಗೆ ಕುಳಿತವರೂ ಅಜ್ಞಾತರು, ಗೋಡೆಯೊಳಗೆ ನಿಂತವಳೂ ಅರ್ಧ ಅಜ್ಞಾತಳು!

ಅಷ್ಟರಲ್ಲಿ ಹಸಿಫಲಕ ಹೋಗಿ ಒಣಫಲಕ ಬಂದಿತ್ತು. ಗಾಜಿನ ಮೇಲೆ ಜಿಲೆಟಿನ್ ಲೇಪ. ಕಾರ್ಖಾನೆಯಲ್ಲಿಯೇ ಸಿದ್ಧವಾಗಿ ಡಬ್ಬಿಯಲ್ಲಿ ಬರುತ್ತಿತ್ತು. ಆದರೆ ಜಿಲೆಟಿನ್ ಎಂಬುದು ಒಂದು ಬಗೆಯ ಸರೇಸು. ಬಿಸಿನೀರು ತಾಗಿದರೆ ಮೆತ್ತಗಾಗಿ, ಅಂಚು ಸುಕ್ಕುಗಟ್ಟಿ, ಕೊನೆಗೆ ಗಾಜನ್ನು ಬಿಟ್ಟು ಜಾರುತ್ತದೆ. ನಮ್ಮ ಬೇಸಿಗೆಯಲ್ಲಿ ನಲ್ಲಿಯ ನೀರೇ ಬಿಸಿನೀರು. ಆಗ ಫಲಕಕ್ಕೆ ಪಟಿಕದ ನೀರಿನ ಸ್ನಾನ, ಹರಿವಾಣದ ಸುತ್ತ ಮಂಜುಗಡ್ಡೆ, ರಾತ್ರಿ ತಂಪಾದ ಮೇಲೆ ಕೆಲಸ ಇವೇ ಕತ್ತಲೆಕೋಣೆಯವರ ಉಪಾಯಗಳಾದವು. ಇನ್ನು ಕ್ಯಾಮೆರಾ ಪೆಟ್ಟಿಗೆಗೆ ಆದದ್ದು ಬೇರೆ ಪಾಡು. ವಿಲಾಯಿತಿಯ ನಯವಾದ ಮಹಾಗನಿ ಪೆಟ್ಟಿಗೆಗಳು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿದವು, ಬೆಸುಗೆಯ ಸರೇಸು ಕರಗಿತು, ತಿದಿಯ ಚರ್ಮವನ್ನು ಹುಳು ತಿಂದವು. ಇದನ್ನು ಕಂಡುಕೊಂಡು ಇಂಗ್ಲೆಂಡಿನ ಸ್ಯಾಂಡರ್ಸನ್, ಥಾರ್ನ್‌ಟನ್-ಪಿಕಾರ್ಡ್ ಮುಂತಾದ ಹೆಸರಿನವು 'ಟ್ರಾಪಿಕಲ್' ಎಂಬ ಬಗೆಯನ್ನು ಮಾರಾಟಕ್ಕೆ ತಂದವು. ತೇಗದ ಮರ, ಮೂಲೆಮೂಲೆಗೆ ಹಿತ್ತಾಳೆಯ ಕಟ್ಟು, ಸರೇಸನ್ನಷ್ಟೇ ನಂಬದೆ ತಿರುಪು ಹಾಕಿದ ಬೆಸುಗೆ, ಹುಳ ಹತ್ತದ ಕೆಂಪು ಚರ್ಮದ ತಿದಿ. ಇಂದು ಹಳೆಯ ವಸ್ತುಗಳ ಸಂಗ್ರಾಹಕರು ಹೊಳೆಯುವ ಈ ಪೆಟ್ಟಿಗೆಗಳನ್ನು ಅಲಂಕಾರದ ಸಾಮಾನೆಂದು ಕೊಳ್ಳುತ್ತಾರೆ. ಅದು ಅಲಂಕಾರವಾಗಿರಲಿಲ್ಲ. ತೇಗ ಹುಳುವಿಗೂ ನೀರಿಗೂ ಜಗ್ಗುವುದಿಲ್ಲವೆಂಬುದು ನಮ್ಮ ಬಾಗಿಲು ಮಾಡುವ ಬಡಗಿಗೆ ತಲೆಮಾರುಗಳಿಂದ ತಿಳಿದದ್ದು. ಆ ತಿಳಿವು ಕ್ಯಾಮೆರಾಕ್ಕೆ ಅಂಟಿಕೊಂಡಾಗ ಹೆಸರು ವಿಲಾಯಿತಿಯದಾಯಿತು, ಬೆಲೆಯೂ ಏರಿತು.

ಆ ಸಾಲವನ್ನು ನಮ್ಮವರೇ ಒಬ್ಬರು ತೀರಿಸಿದರು. ಕೇರಳದ ಆಲಪ್ಪುಳದಲ್ಲಿ ವಾದ್ಯಗಳನ್ನು ಮಾಡುವ, ರಿಪೇರಿ ಮಾಡುವ ಮನೆತನದ ಕೆ. ಕರುಣಾಕರನ್ ಎಂಬವರ ಬಳಿಗೆ ಸ್ಟುಡಿಯೋದವರೊಬ್ಬರು ತಿದಿ ಹರಿದ ಕ್ಯಾಮೆರಾವನ್ನು ತಂದರಂತೆ. ಹಾರ್ಮೋನಿಯಮ್ಮಿನ ತಿದಿ ಕಟ್ಟಿದ ಕೈಗೆ ಕ್ಯಾಮೆರಾದ ತಿದಿ ಏನು ಮಹಾ! ಒಂದರಿಂದ ಗಾಳಿ ಹೊರಗೆ ಸೋರಬಾರದು, ಇನ್ನೊಂದಕ್ಕೆ ಬೆಳಕು ಒಳಗೆ ಸೋರಬಾರದು, ವಿದ್ಯೆ ಒಂದೇ. ಅದನ್ನು ಸರಿಪಡಿಸಿದವರು ಮುಂದೆ ಇಡೀ ಕ್ಯಾಮೆರಾವನ್ನೇ ಕಟ್ಟಿದರು. 1940ರ ದಶಕದಿಂದ 'ವಾಗೀಶ್ವರಿ' ಎಂಬ ಹೆಸರಿನ ಈ ತೇಗದ ಕ್ಯಾಮೆರಾಗಳು ದೇಶದ ನಾನಾ ಕಡೆಯ ಸ್ಟುಡಿಯೋಗಳಲ್ಲಿ ನಿಂತವು. ಸರಸ್ವತಿಯ ಹೆಸರನ್ನು ಹೊತ್ತ ಕ್ಯಾಮೆರಾ ಜಗತ್ತಿನಲ್ಲಿ ಮತ್ತೆಲ್ಲಿಯೂ ಇದ್ದಂತೆ ನಾವು ಕೇಳಿಲ್ಲ.

ಬೀದಿಯ ಮೇಲಿನ ಜಾಣ್ಮೆಗೆ ಹೆಸರೂ ಇಲ್ಲ. ಕಚೇರಿಗಳ ಮುಂದೆ, ಜಾತ್ರೆಗಳಲ್ಲಿ ಮರದಡಿ ನಿಲ್ಲುತ್ತಿದ್ದ 'ಮಿನಿಟ್ ಕ್ಯಾಮೆರಾ'ದವನನ್ನು ನಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ದೊಡ್ಡ ಮರದ ಪೆಟ್ಟಿಗೆ. ಪಕ್ಕದಲ್ಲಿ ಕೈ ತೂರಿಸಲು ಕಪ್ಪು ಬಟ್ಟೆಯ ತೋಳು. ಒಳಗೆ ಔಷಧದ ಎರಡು ಪುಟ್ಟ ತಟ್ಟೆಗಳು. ಚಿತ್ರವನ್ನು ಕಾಗದದ ಮೇಲೆಯೇ ಹಿಡಿದು, ಪೆಟ್ಟಿಗೆಯೊಳಗೇ ಮೂಡಿಸಿ, ಆ ಕಪ್ಪು-ಬಿಳುಪು ತಿರುವುಮುರುವಾದ ಚಿತ್ರವನ್ನು ಮಸೂರದ ಮುಂದೆ ಸಿಕ್ಕಿಸಿ ಮತ್ತೊಮ್ಮೆ ತೆಗೆದರೆ ನೆಟ್ಟಗಿನ ಚಿತ್ರ ಸಿದ್ಧ. ಗ್ರೀನ್‌ಲಾ ಕತ್ತಲೆಕೋಣೆಯನ್ನು ಹಿಂದೆ ಬಿಟ್ಟು ಹೋದನು. ಈ ಬಡವನು ಕತ್ತಲೆಕೋಣೆಯನ್ನು ಕ್ಯಾಮೆರಾದ ಹೊಟ್ಟೆಯಲ್ಲಿಯೇ ಇಟ್ಟುಕೊಂಡನು. ಅಮೆರಿಕೆಯ ಪೋಲರಾಯ್ಡ್ 1948ರಲ್ಲಿ ಅಂಗಡಿಗೆ ಬಂದಾಗ ಲೋಕವೆಲ್ಲ ಬೆರಗಾಯಿತು. ಇಂಥ ಪೆಟ್ಟಿಗೆಗಳು ಬೇರೆ ದೇಶಗಳಲ್ಲಿಯೂ ಇದ್ದವೆಂಬುದು ನಿಜ. ನಮ್ಮ ಬೀದಿಗಳಲ್ಲಿ ಕಂಡವುಗಳ ಮರ, ಬಟ್ಟೆ, ತಟ್ಟೆ ಮಾತ್ರ ನಮ್ಮ ಪೇಟೆಯ ಸಾಮಾನುಗಳೇ.

ಇಷ್ಟೆಲ್ಲ ಜಾಣ್ಮೆಯಲ್ಲಿ ಉಳಿದುದೆಷ್ಟು? ದೀನದಯಾಳರ ಗಾಜಿನ ಫಲಕಗಳಲ್ಲಿ 2857 ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಭದ್ರವಾಗಿವೆ. ನಮ್ಮ ಬೀದರದ ಕೋಟೆ, ಮದರಸಾ, ಸಮಾಧಿಗಳ ಚಿತ್ರಫಲಕಗಳು ನಿಜಾಮ್ ಸಂಸ್ಥಾನದ ಪುರಾತತ್ತ್ವಾಧಿಕಾರಿ ಗುಲಾಂ ಯಜ್ದಾನಿಯವರ 1947ರ ಗ್ರಂಥದಲ್ಲಿವೆ. ಇವು ಅದೃಷ್ಟವಂತರ ಮಾತು. ಎಷ್ಟೋ ಸಣ್ಣ ಸ್ಟುಡಿಯೋಗಳು ಮುಚ್ಚಿದಾಗ ಹಳೆಯ ಫಲಕಗಳನ್ನು ತೊಳೆದು, ಮೇಲಿನ ಪದರ ಕೆರೆದು, ಬರಿಯ ಗಾಜನ್ನು ಚೌಕಟ್ಟು ಹಾಕುವವರಿಗೆ ಮಾರಿದ್ದುಂಟು. ಯಾರದೋ ಅಜ್ಜಿಯ ಮುಖವಿದ್ದ ಗಾಜು ಇನ್ನಾರದೋ ದೇವರ ಪಟದ ಮೇಲೆ ಕುಳಿತಿದೆ. ಕ್ಯಾಮೆರಾಗಳಲ್ಲಿ ಮಸೂರ ಬಿಚ್ಚಿದವು, ಹಿತ್ತಾಳೆ ತೂಕಕ್ಕೆ ಹೋಯಿತು, ತೇಗ ಇನ್ನೇನೋ ಆಯಿತು.

ಸಲಕರಣೆ ಹೋದರೆ ಚಿತ್ರವನ್ನು ಓದುವ ಬಗೆಯೂ ಹೋಗುತ್ತದೆಂಬುದು ನಮಗೆ ಅನುಭವದಿಂದಲೇ ತಿಳಿಯಿತು. ರಾಯಚೂರಿನ ಕಡೆಯಿಂದ ಬಂದು ಕಾಚಿಗುಡದಲ್ಲಿ ನೆಲೆಸಿದ ಒಂದು ಮನೆಯಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಹಳೆಯ ಚಿತ್ರವೊಂದಿದೆ. ರುಮಾಲು ಸುತ್ತಿ, ಉದ್ದ ಕೋಟು ತೊಟ್ಟು ನಿಂತವರು ಮನೆಯ ಯಜಮಾನರ ಮುತ್ತಜ್ಜ. ಅವರ ಪಂಚೆಯ ಹಿಂದಿನಿಂದ ನೆಲದ ಮೇಲೆ ಕರಿಯದೊಂದು ಕಬ್ಬಿಣದ ಪಾದ ಇಣುಕುತ್ತದೆ. "ಮುತ್ತಜ್ಜನಿಗೆ ಕಾಲು ನೋವಿತ್ತಂತೆ, ಅದು ಅವರ ಊರುಗೋಲು" ಎಂದು ಮೂರು ತಲೆಮಾರಿನಿಂದ ಆ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ನಿಜವಾಗಿ ಅದು ಸ್ಟುಡಿಯೋದ ತಲೆಯಾನಿಕೆಯ ಪಾದ. ಫಲಕಗಳು ಮಂದವಾಗಿದ್ದ ಕಾಲದಲ್ಲಿ ನಿಂತವರು ಕೆಲವು ಕ್ಷಣ ಅಲುಗದಿರಲೆಂದು, ಕಂಬದ ತುದಿಯಲ್ಲಿ ಎರಡು ಕವಲಿಟ್ಟು ತಲೆಯನ್ನು ಹಿಂದಿನಿಂದ ಹಿಡಿಯುತ್ತಿದ್ದ ಸಾಧನವದು. ನಾವು ಇದನ್ನು ಹೇಳಿದಾಗ ಮನೆಯ ಹಿರಿಯಮ್ಮನವರು ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಹಾಗಾದರೆ ಮುತ್ತಜ್ಜನ ಕಾಲು ಚೆನ್ನಾಗಿಯೇ ಇತ್ತು ಅನ್ನಿ" ಎಂದರು.