ಮೂಳೆಗೆ ಹಾಕಿದ ಗಂಟು

ಮೂಳೆಗೆ ಮೂಳೆಯನ್ನು ಕೂಡಿಸುವುದು ಬಡಗಿಯ ಕೆಲಸ. ಮೊಳೆ, ತಿರುಪು, ಪಟ್ಟಿ ಇದ್ದರಾಯಿತು. ಮಾಂಸಕ್ಕೆ ಮಾಂಸವನ್ನು ಕೂಡಿಸುವುದು ದರ್ಜಿಯ ಕೆಲಸ. ಸೂಜಿ ದಾರ ಸಾಕು. ಮೂವತ್ತು ವರ್ಷಕ್ಕೂ ಮಿಕ್ಕಿ ಮೂಳೆವೈದ್ಯನಾಗಿ ದುಡಿದ ನನಗೆ ಈ ಎರಡೂ ಕಸುಬು ಒಂದು ಮಟ್ಟಕ್ಕೆ ಕೈಹತ್ತಿದ್ದವು. ಪೇಚಾಟ ಶುರುವಾಗುತ್ತಿದ್ದುದು ದರ್ಜಿಯೂ ಬಡಗಿಯೂ ಒಂದೇ ಮಣೆಯ ಮೇಲೆ ಕೂರಬೇಕಾದಾಗ, ಅಂದರೆ ಕಿತ್ತುಹೋದ ಮಾಂಸವನ್ನು ಮತ್ತೆ ಮೂಳೆಗೆ ಕೂಡಿಸಬೇಕಾದಾಗ. ಪರದೆಯನ್ನು ಕಲ್ಲುಗೋಡೆಗೆ ಹೊಲಿದು ಕೊಡಿ ಎಂದು ದರ್ಜಿಯನ್ನು ಕೇಳಿದರೆ ಅವನ ಮುಖ ಹೇಗಾದೀತು, ನೋಡಿ.

ನಮ್ಮ ಸುಶ್ರುತಸಂಹಿತೆಯಲ್ಲಿ ಹೊಲಿಗೆಗೆ ಬೇಕಾದ ದಾರಗಳ ಪಟ್ಟಿಯೇ ಇದೆ. ಅಶ್ಮಂತಕದ ತೊಗಟೆಯ ನಾರು, ಸೆಣಬು, ಅಗಸೆನಾರು, ಪ್ರಾಣಿಗಳ ಸ್ನಾಯು, ಕೂದಲು. ನೆಟ್ಟನೆಯ ಸೂಜಿ, ಮುಮ್ಮೂಲೆಯ ಸೂಜಿ, ಬಿಲ್ಲಿನಂತೆ ಬಾಗಿದ ಸೂಜಿ. ಹರಿದ ಕರುಳಿನ ಅಂಚನ್ನು ಕರಿಯಿರುವೆಗಳಿಂದ ಕಚ್ಚಿಸಿ ತಲೆಯನ್ನಷ್ಟೇ ಅಲ್ಲಿ ಉಳಿಸುವ ಉಪಾಯವೂ ಅದರಲ್ಲಿದೆ. ಓದಿದರೆ ಹೆಮ್ಮೆಯಾಗುತ್ತದೆ, ಆಗಲಿ. ಆದರೆ ಅದೆಲ್ಲ ಮೆತ್ತನೆಯದನ್ನು ಮೆತ್ತನೆಯದಕ್ಕೆ ಕೂಡಿಸುವ ಮಾತು.

ದೇಹ ಈ ಕೂಡಿಕೆಯನ್ನು ಹೇಗೆ ಮಾಡಿಕೊಂಡಿದೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಸ್ನಾಯುವಿನ ತುದಿಯಲ್ಲಿ ಬಿಳಿಯ ಹಗ್ಗದಂಥ ರಜ್ಜು ಇರುತ್ತದೆ. ಅದು ಮೂಳೆಯ ಮೇಲೆ ಅಂಟಿಕೊಂಡಿರುವುದಿಲ್ಲ. ಮೂಳೆಯೊಳಕ್ಕೆ ಹೊಕ್ಕು ನಿಂತಿರುತ್ತದೆ. ರಜ್ಜು ಮೊದಲು ಮೆಲ್ಲೆಲುಬಿನಂತಾಗಿ, ಆ ಮೆಲ್ಲೆಲುಬು ಸುಣ್ಣಗಟ್ಟಿ, ಕೊನೆಗೆ ಮೂಳೆಯೇ ಆಗುತ್ತದೆ. ಮೆತ್ತಗಿನದು ಎಲ್ಲಿ ಮುಗಿಯಿತು, ಗಟ್ಟಿಯಾದದ್ದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಮೂಳೆಯೊಳಗೆ ಹೊಕ್ಕ ಇಂಥ ಎಳೆಗಳಿಗೆ ಹತ್ತೊಂಬತ್ತನೆಯ ಶತಮಾನದ ವಿಲಿಯಂ ಶಾರ್ಪಿಯ ಹೆಸರಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈ ಶಾರ್ಪಿಯ ಶಿಷ್ಯನೇ ಜೋಸೆಫ್ ಲಿಸ್ಟರ್.

ಲಿಸ್ಟರನಿಗೂ ಹಿಂದೆ ಕೀಲನ್ನು ಕೊಯ್ದು ತೆರೆಯುವುದೆಂದರೆ ಕೀವನ್ನೂ ಸಾವನ್ನೂ ಮನೆಗೆ ಕರೆದಂತೆ. ಅದಕ್ಕೇ ಪದೇ ಪದೇ ಜಾರುವ ಭುಜಕ್ಕೆ ಗ್ರೀಸಿನ ಹಿಪ್ಪೊಕ್ರಟೀಸನ ಗ್ರಂಥಗಳು ಹೇಳಿದ ಮದ್ದು ಬೇರೆ: ಕಾದ ಕಬ್ಬಿಣದಿಂದ ಕಂಕುಳಿನ ಚರ್ಮವನ್ನು ಸುಡುವುದು. ಸುಟ್ಟದ್ದು ಕಲೆಗಟ್ಟಿ ಬಿಗಿದುಕೊಂಡರೆ ಭುಜ ಜಾರಲಿಕ್ಕಿಲ್ಲ ಎಂಬ ಲೆಕ್ಕ. ನಮ್ಮ ಹಳ್ಳಿಗಳ ಬರೆ ಹಾಕುವ ಪದ್ಧತಿ ಕಂಡವರಿಗೆ ಇದೇನೂ ಹೊಸದಲ್ಲ.

ಲಿಸ್ಟರ್ 1865ರಲ್ಲಿ ಗ್ಲಾಸ್ಗೋದಲ್ಲಿ, ಕಾಲು ಮುರಿದ ಒಬ್ಬ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಮುಂದೆ ಅದೇ ಆಮ್ಲದಲ್ಲಿ ನೆನೆಸಿದ ಕ್ಯಾಟ್‌ಗಟ್ ದಾರವನ್ನು ಕರುವಿನ ಮೇಲೆ ಪರೀಕ್ಷಿಸಿ, ದೇಹದೊಳಗೆ ಕರಗಿಹೋಗುವ ದಾರವೊಂದನ್ನು ಶಸ್ತ್ರವೈದ್ಯರ ಕೈಗಿತ್ತ. (ಹೆಸರಿನಲ್ಲಿ ಬೆಕ್ಕಿದ್ದರೂ ಅದು ಕುರಿಯ ಕರುಳಿನ ದಾರ. ಬೆಕ್ಕಿಗೆ ಈ ಅಪವಾದ ಹೇಗೆ ಬಂತೋ!) 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ, ಮುರಿದ ಮಂಡಿಚಿಪ್ಪನ್ನು ತೆರೆದು ಬೆಳ್ಳಿತಂತಿಯಿಂದ ಬಿಗಿದ. ಸರಿಯಿದ್ದ ಚರ್ಮವನ್ನು ಕೊಯ್ದು, ಬೇಕೆಂದೇ ಕೀಲನ್ನು ತೆರೆದರೂ ಮನುಷ್ಯ ಬದುಕುತ್ತಾನೆ ಎಂದು ಜಗತ್ತಿಗೆ ಗೊತ್ತಾಯಿತು. ಭುಜದ ಬಾಗಿಲು ತೆರೆದದ್ದು ಅಲ್ಲಿಂದಾಚೆಗೆ.

ಆ ಬಾಗಿಲಿನಲ್ಲಿ ಮೊದಲು ಕಾಣುವವನು ಅಮೆರಿಕದ ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್. ಭುಜದ ಮೂಳೆಯ ತಲೆಯನ್ನು ಅಂಗಿಯ ತೋಳಿನ ಪಟ್ಟಿಯ ಹಾಗೆ ನಾಲ್ಕು ಸ್ನಾಯುಗಳ ರಜ್ಜು ಸುತ್ತುವರಿದಿದೆ. ವೈದ್ಯರು ರೊಟೇಟರ್ ಕಫ್ ಎನ್ನುವುದು ಅದನ್ನೇ. ಅದು ಹರಿದರೆ ಕೈ ಮೇಲೇಳದು, ರಾತ್ರಿ ನಿದ್ದೆ ಹತ್ತದು. ಹೀಗೆ ಹರಿದದ್ದನ್ನು ಹೆಣಗಳಲ್ಲಿ ಕಂಡು 1834ರಲ್ಲೇ ಬರೆದವರಿದ್ದರು. ಬದುಕಿದವರಲ್ಲಿ ಅದನ್ನು ಹೊಲಿದು, ಆ ಕುರಿತು ಬರೆದವನು ಕಾಡ್‌ಮನ್. ಶಸ್ತ್ರಕ್ರಿಯೆ ಮಾಡಿದ್ದು 1909ರಲ್ಲಿ, ಪ್ರಕಟಿಸಿದ್ದು 1911ರಲ್ಲಿ.

ನನಗೆ ಕಾಡ್‌ಮನ್ ಮುಖ್ಯನಾಗುವುದು ಹೊಲಿಗೆಗಿಂತ ಹೆಚ್ಚಾಗಿ ಅವನ ಇನ್ನೊಂದು ಹಟಕ್ಕಾಗಿ. ಶಸ್ತ್ರಕ್ರಿಯೆ ಮಾಡಿಸಿಕೊಂಡ ಪ್ರತಿಯೊಬ್ಬನನ್ನೂ ಒಂದು ವರ್ಷವಾದ ಮೇಲೆ ಕರೆದು ನೋಡಬೇಕು. ಗುಣವಾಗದಿದ್ದರೆ ಏಕೆ ಆಗಲಿಲ್ಲವೆಂದು ಬರೆದಿಡಬೇಕು. ಬರೆದದ್ದನ್ನು ಎಲ್ಲರಿಗೂ ತೋರಿಸಬೇಕು. ಇದಕ್ಕೆ ಅವನು ಕೊಟ್ಟ ಹೆಸರು ಅಂತಿಮ ಫಲದ ವಿಚಾರ. ಕೇಳಲಿಕ್ಕೆ ಎಷ್ಟು ಸಾಧುವಾಗಿದೆ! ಅಂಗಡಿಯವನೂ ವರ್ಷದ ಕೊನೆಗೆ ಲೆಕ್ಕ ನೋಡುತ್ತಾನಲ್ಲ. ಆದರೆ ವೈದ್ಯರ ಲೋಕದಲ್ಲಿ ಇದು ಕಿಡಿಯಾಯಿತು. ಯೋಗ್ಯತೆ ನೋಡದೆ ಹಿರಿತನ ನೋಡಿ ಹುದ್ದೆ ಕೊಡುವ ಪದ್ಧತಿಯನ್ನು ಪ್ರತಿಭಟಿಸಿ 1914ರಲ್ಲಿ ಅವನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟ. ಮರುವರ್ಷದ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ದೊಡ್ಡದೊಂದು ವ್ಯಂಗ್ಯಚಿತ್ರ ಬಿಚ್ಚಿದ. ಮರಳಿನಲ್ಲಿ ತಲೆ ಹುಗಿದ ಉಷ್ಟ್ರಪಕ್ಷಿ ಚಿನ್ನದ ಮೊಟ್ಟೆಗಳನ್ನು ಹಿಂದಕ್ಕೆ ಒದೆಯುತ್ತಿದೆ, ವೈದ್ಯರು ಆಯ್ದುಕೊಳ್ಳುತ್ತಿದ್ದಾರೆ. ಹಕ್ಕಿ ಯಾರೆಂದು ಬಾಸ್ಟನ್ನಿನ ಶ್ರೀಮಂತರಿಗೆ ಗೊತ್ತಾಗದಿರಲಿಲ್ಲ. ಕಾಡ್‌ಮನ್ನನ ಹಾರ್ವರ್ಡ್ ಅಧ್ಯಾಪಕ ಹುದ್ದೆಯೂ ಹೋಯಿತು.

ಅವನು 1911ರಲ್ಲಿ ತೆರೆದಿದ್ದ ಸ್ವಂತದ ಪುಟ್ಟ ಆಸ್ಪತ್ರೆಯ ಲೆಕ್ಕಪುಸ್ತಕ ಅಚ್ಚಾಗಿ ಉಳಿದಿದೆ. 1916ರವರೆಗೆ ಬಿಡುಗಡೆಯಾದ ರೋಗಿಗಳು 337. ಅವರ ಚಿಕಿತ್ಸೆಯಲ್ಲಿ ಕಂಡ ತಪ್ಪುಗಳೆಂದು ತಾನೇ ಬರೆದುಕೊಂಡದ್ದು 123. ಇಂಥ ಪುಸ್ತಕವನ್ನು ಸ್ವಂತ ಹಣದಲ್ಲಿ ಅಚ್ಚುಹಾಕಿಸಿದ ಇನ್ನೊಬ್ಬ ವೈದ್ಯನನ್ನು ನಾನು ಕೇಳಿಲ್ಲ. 1934ರಲ್ಲಿ ಭುಜದ ಮೇಲೊಂದು ಮಹಾಗ್ರಂಥ ಬರೆದ. 1940ರಲ್ಲಿ ತೀರಿಕೊಂಡಾಗ ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ; ಅದನ್ನು ವೈದ್ಯರು ಕೂಡಿ ನಿಲ್ಲಿಸಿದ್ದು 2014ರಲ್ಲಿ.

ಇತ್ತ ಲಂಡನ್ನಿನಲ್ಲಿ ಬ್ಲಂಡೆಲ್ ಬ್ಯಾಂಕಾರ್ಟ್ ಎಂಬ ಶಸ್ತ್ರವೈದ್ಯ ಜಾರುವ ಭುಜದ ಬೆನ್ನುಹತ್ತಿದ. ಭುಜದ ಕೀಲು ಎಂಥದೆಂದರೆ, ಶಾಲೆಯ ಆಟಗಳಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುತ್ತೇವಲ್ಲ, ಹಾಗೆ. ಹಣ್ಣು ದೊಡ್ಡದು, ಚಮಚ ಚಿಕ್ಕದು. ಚಮಚದ ಸುತ್ತ ಮೆತ್ತನೆಯ ಅಂಚುಪಟ್ಟಿಯೊಂದಿದ್ದು ಹಣ್ಣನ್ನು ತಡೆಯುತ್ತದೆ. ಆ ಪಟ್ಟಿ ಮೂಳೆಯಿಂದ ಕಿತ್ತುಬಂದರೆ ಭುಜ ಮತ್ತೆ ಮತ್ತೆ ಜಾರುತ್ತದೆ. ನಮ್ಮ ಕಬಡ್ಡಿ ಹುಡುಗರಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಜರ್ಮನಿಯ ಪೆರ್ಟೆಸ್ 1906ರಲ್ಲೇ ಇದನ್ನು ಹೇಳಿದ್ದರೂ ಹೆಸರು ನಿಂತದ್ದು ಬ್ಯಾಂಕಾರ್ಟನದು. 1923ರಲ್ಲಿ ನಾಲ್ಕು ಜನರ ವೃತ್ತಾಂತ, 1938ರಲ್ಲಿ ಇಪ್ಪತ್ತೇಳು ಜನರದು. ಮೂಳೆಯ ಅಂಚಿನಲ್ಲಿ ತೂತು ಕೊರೆದು, ದಾರ ಪೋಣಿಸಿ, ಪಟ್ಟಿಯನ್ನು ಮರಳಿ ಮೂಳೆಗೇ ಕಟ್ಟುವುದು ಅವನ ಮಾರ್ಗ. ಆಳದ ಇಕ್ಕಟ್ಟಿನಲ್ಲಿ ಬಾಗಿದ ಸೂಜಿಯನ್ನು ಮೂಳೆಯ ತೂತಿನಲ್ಲಿ ತೂರಿಸಿ ಆಚೆ ಹಿಡಿದೆಳೆಯುವ ಕಷ್ಟ ಮಾಡಿದವರಿಗೇ ಗೊತ್ತು. ಸೂಜಿ ಮುರಿಯುತ್ತಿತ್ತು, ತೂತಿನ ಅಂಚು ಒಡೆಯುತ್ತಿತ್ತು, ಬೆವರು ಕನ್ನಡಕಕ್ಕೆ ಇಳಿಯುತ್ತಿತ್ತು.

ಆದರೆ ಫಲ? ಕಾರ್ಟರ್ ರೋ ಮತ್ತು ಸಂಗಡಿಗರು 1978ರಲ್ಲಿ ಲೆಕ್ಕ ಒಪ್ಪಿಸಿದರು. ಬ್ಯಾಂಕಾರ್ಟ್ ವಿಧಾನದಿಂದ ಸರಿಪಡಿಸಿ ಮತ್ತೆ ಕರೆದು ನೋಡಿದ ಭುಜಗಳು 145. ಮತ್ತೆ ಜಾರಿದವು ಐದು. ಲೇಖನದ ಶೀರ್ಷಿಕೆಯಲ್ಲಿ ಅಂತಿಮ ಫಲ ಎಂಬ ಅದೇ ಮಾತಿತ್ತು. ರೋ ಕೆಲಸ ಮಾಡುತ್ತಿದ್ದ ಆಸ್ಪತ್ರೆ, ಕಾಡ್‌ಮನ್ ಬಿಟ್ಟುಬಂದ ಅದೇ ಮ್ಯಾಸಚೂಸೆಟ್ಸ್ ಜನರಲ್.

ಇಷ್ಟು ಚೆನ್ನಾಗಿದ್ದ ಕೆಲಸವನ್ನು ಏಕೆ ಬದಲಿಸಿದರು? ಒಂದು, ಕಷ್ಟ. ಇನ್ನೊಂದು, ದುರ್ಬೀನು. ಜಪಾನಿನ ಟಕಾಗಿ 1918ರಲ್ಲಿ ಮೂತ್ರಕೋಶ ನೋಡುವ ನಳಿಗೆಯನ್ನು ಹೆಣದ ಮಂಡಿಯೊಳಕ್ಕೆ ತೂರಿಸಿ ನೋಡಿದ್ದ. ಅವನ ಶಿಷ್ಯ ವತಾನಬೆ ಅದನ್ನು 1950ರ ದಶಕದ ಕೊನೆಗೆ ಕೈಗೆಟುಕುವ ಉಪಕರಣವಾಗಿಸಿದ. ಬೆರಳಿನಗಲದ ಗಾಯದಲ್ಲೇ ಕೆಲಸ ಮುಗಿಸುವ ಆಸೆ ಭುಜಕ್ಕೂ ಬಂತು. ಆ ಕಿಂಡಿಯಿಂದ ಮೂಳೆಯ ತೂತಿಗೆ ದಾರ ಪೋಣಿಸುವುದು ಹೇಗೆ? ಸರಿ, ಮಾಂಸದ ಮೇಲೆಯೇ ಲೋಹದ ಸ್ಟೇಪಲ್ ಹೊಡೆದರು. ತೆರೆದ ಶಸ್ತ್ರಕ್ರಿಯೆಗಳಲ್ಲೂ ಸ್ಟೇಪಲ್, ತಿರುಪುಗಳ ಬಳಕೆ ಇತ್ತು. ಅವು ಸಡಿಲಾದವು, ಅಲೆದವು, ನುಣುಪಾದ ಕೀಲನ್ನು ಗೀರಿದವು. ಇವುಗಳಿಂದ ಭುಜ ಕೆಟ್ಟು ಬಂದ 37 ಜನರ ಕಥೆಯನ್ನು ಅಮೆರಿಕದ ಇಬ್ಬರು ವೈದ್ಯರು 1984ರಲ್ಲಿ ಪ್ರಕಟಿಸಿದರು. ಲೋಹವನ್ನು ಕೀಲಿನ ಪಕ್ಕದಲ್ಲಿಡುವವರು ಓದಲೇಬೇಕಾದ ಲೇಖನ ಅದು.

ಅದೇ 1980ರ ದಶಕದಲ್ಲಿ ಬಂದದ್ದು ಲಂಗರು. ಬೆನ್ನಿಗೆ ದಾರ ಕಟ್ಟಿದ ಪುಟ್ಟ ಲೋಹದ ಗೂಟ. ಗೂಟ ಮೂಳೆಯೊಳಗೆ ಹೂತುಕೊಳ್ಳುತ್ತದೆ, ದಾರ ಹೊರಗುಳಿಯುತ್ತದೆ, ಆ ದಾರದಿಂದ ಮಾಂಸವನ್ನು ಕಟ್ಟುವುದು. ದರ್ಜಿಗೂ ಬಡಗಿಗೂ ರಾಜಿಯಾದದ್ದು ಇಲ್ಲಿ. ಲೋಹ ಕಳಚಿ ಕೀಲಿಗೆ ಬಿದ್ದೀತೆಂಬ ಭಯಕ್ಕೆ 1990ರ ದಶಕದಲ್ಲಿ ಕರಗುವ ಗೂಟ ತಂದರು. ಅದು ಕರಗಿದಲ್ಲಿ ಕೆಲವೊಮ್ಮೆ ಮೂಳೆಯೂ ಕರಗಿ ಪೊಳ್ಳಾಯಿತು. ಆಮೇಲೆ ಕರಗದ ಪ್ಲಾಸ್ಟಿಕ್ಕಿನ ಗೂಟ.

ದಾರದ್ದೂ ಒಂದು ಕಥೆ. ಕ್ಯಾಟ್‌ಗಟ್ ಒಂದೆರಡು ವಾರಕ್ಕೆ ಬಲಗುಂದುತ್ತದೆ, ಈ ಕೆಲಸಕ್ಕೆ ಸಾಲದು. ಪಾಲಿಯೆಸ್ಟರ್ ದಾರ ತಡೆಯುತ್ತಿತ್ತು, ಆದರೆ ಗಂಟು ಬಿಗಿಯುವಾಗ ಪಟ್ಟನೆ ಹರಿದು ಶಸ್ತ್ರವೈದ್ಯನ ಬಾಯಲ್ಲಿ ಬೈಗುಳ ಬರಿಸುತ್ತಿತ್ತು. ನೆದರ್ಲೆಂಡಿನ ಡಿಎಸ್‌ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರಲ್ಲಿ ಪಾಲಿಥಿನ್ನಿನ ಅತಿ ಉದ್ದದ ಅಣುಗಳನ್ನು ಎಳೆಯಾಗಿ ನೂಲುವ ದಾರಿ ಕಂಡರು. ಹಡಗಿನ ಹಗ್ಗಕ್ಕೂ ಗುಂಡು ತಡೆಯುವ ಕವಚಕ್ಕೂ ಹೋದ ಆ ನೂಲು ಹೊಸ ಶತಮಾನದ ಆರಂಭದಲ್ಲಿ ಶಸ್ತ್ರಕ್ರಿಯೆಯ ಕೋಣೆಗೂ ಬಂತು. ಈಗ ದಾರ ಹರಿಯುವುದು ನಿಂತಿತು. ಬದಲಿಗೆ ಅದು ಬಡಕಲು ರಜ್ಜುವನ್ನು ಬೆಣ್ಣೆಯಂತೆ ಕೊಯ್ಯತೊಡಗಿತು!

ಇಷ್ಟು ಗಟ್ಟಿ ದಾರವೇ ಇರುವಾಗ ಗೂಟವೇಕೆ ಎಂದು ಯಾರೋ ಕೇಳಿರಬೇಕು. 2010ರ ಸುಮಾರಿಗೆ ಬಯೋಮೆಟ್ ಕಂಪನಿ ಜಗ್ಗರ್‌ನಾಟ್ ಎಂಬ ಹೆಸರಿನಲ್ಲಿ ತಂದದ್ದು ಪೂರ್ತಿ ನೂಲಿನದೇ ಲಂಗರು. ನಮ್ಮ ಪುರಿಯ ಜಗನ್ನಾಥನ ಹೆಸರು ಇಂಗ್ಲಿಷಿನಲ್ಲಿ ಜಗ್ಗರ್‌ನಾಟ್ ಆದದ್ದು ಹಳೆಯ ಮಾತು. ಅವನು ಗಂಟಾಗಿ ಮೂಳೆಯೊಳಗೆ ಕೂತದ್ದು ಹೊಸದು. ಅದರ ಕೆಲಸ ತಿಳಿಯಲು ಅಜ್ಜಿಯ ಎಲೆಅಡಿಕೆ ಸಂಚಿಯನ್ನು ನೆನೆಯಿರಿ. ಲಾಡಿ ಎಳೆದರೆ ಬಟ್ಟೆ ನೆರಿಗೆ ನೆರಿಗೆಯಾಗಿ ಮುದ್ದೆಗಟ್ಟುತ್ತದೆ. ಇಲ್ಲಿಯೂ ಪಾಲಿಯೆಸ್ಟರಿನ ಕಿರಿದಾದ ಟೊಳ್ಳು ಪಟ್ಟಿಯೊಳಗೆ ದಾರ ಓಡುತ್ತದೆ. ಪಟ್ಟಿಯನ್ನು ಮಡಚಿ, ಕವಲುಕಡ್ಡಿಯಿಂದ 1.4 ಮಿಲಿಮೀಟರಿನ ತೂತಿನೊಳಕ್ಕೆ ತಳ್ಳಿ, ಕಡ್ಡಿಯನ್ನು ಹಿಂದೆಗೆದು ದಾರ ಜಗ್ಗಬೇಕು. ಪಟ್ಟಿ ಒಳಗೇ ಗುಂಡಗಾಗಿ ಮೂಳೆಯ ಗಟ್ಟಿ ಚಿಪ್ಪಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೋದ ತೂತಿನಲ್ಲಿ ಮರಳಿ ಬರಲಾರದು. ಹೊಲಿಗೆ ಶುರುಮಾಡುವ ಮೊದಲು ದರ್ಜಿ ದಾರದ ತುದಿಗೆ ಗಂಟು ಹಾಕುವುದಿಲ್ಲವೆ, ಅದೇ ಇದು.

ಜಾಣತನವೇ ಸರಿ. ಭುಜದ ಚಮಚದಷ್ಟು ಮೂಳೆಯಲ್ಲಿ ದೊಡ್ಡ ತೂತುಗಳನ್ನು ಸಾಲಾಗಿ ಕೊರೆದರೆ ಅಂಚೆಚೀಟಿ ಹರಿದಂತೆ ಮೂಳೆಯೇ ಆ ಸಾಲಿನಲ್ಲಿ ಮುರಿದ ಉದಾಹರಣೆಗಳಿವೆ. ತೂತು ಚಿಕ್ಕದಾದಷ್ಟೂ ಮೂಳೆ ಉಳಿಯುತ್ತದೆ. ಮತ್ತೆ ಶಸ್ತ್ರಕ್ರಿಯೆ ಬೇಕಾದರೆ ಕೀಳಬೇಕಾದ ಗೂಟವಿಲ್ಲ. ಆದರೆ ಈ ಗಂಟು ಇಡೀ ಭಾರ ಹಾಕುವುದು ಆ ಚಿಪ್ಪಿನ ಮೇಲೆ; ಮುಪ್ಪಿನಲ್ಲಿ ಚಿಪ್ಪು ತೆಳುವಾದರೆ ಗಂಟು ಕೂಡ ಜಾರುತ್ತದೆ. ಕೂರಿಸುವಾಗ ಸಾಕಷ್ಟು ಜಗ್ಗದಿದ್ದರೆ ಆಮೇಲೆ ಕೈ ಆಡಿದಂತೆಲ್ಲ ಕೆಳಗೇ ಸಡಿಲವಾಗುತ್ತದೆ. 2014ರಲ್ಲಿ ಪ್ರಕಟವಾದ, ನಾಯಿಗಳ ಭುಜದ ಮೇಲಿನ ಅಧ್ಯಯನವೊಂದರಲ್ಲಿ ಇಂಥ ಲಂಗರಿನ ಸುತ್ತ ಮೂಳೆಯಲ್ಲಿ ಪೊಳ್ಳುಗಳು ಕಂಡವು. ನಾಯಿಯ ಭುಜ ಮನುಷ್ಯನದಲ್ಲ, ನಿಜ. ನಾಯಿ ತೋಳಿಗೆ ಜೋಳಿಗೆ ಕಟ್ಟಿಕೊಂಡು ಸುಮ್ಮನಿರುವುದೂ ಇಲ್ಲ.

ಇನ್ನೊಂದು ಮಾತನ್ನು ಮಾರಾಟದ ಕಾಗದಗಳು ಹೇಳುವುದಿಲ್ಲ. ಲಂಗರು ಯಾವುದಾದರೂ ಅದು ವಾಸಿ ಮಾಡುವುದಿಲ್ಲ. ವಾಸಿಯಾಗುವವರೆಗೆ ಹಿಡಿದಿರುತ್ತದೆ, ಅಷ್ಟೆ. 1993ರಲ್ಲಿ ಸ್ಕಾಟ್ ರೋಡಿಯೊ ಮತ್ತು ಸಂಗಡಿಗರು ನಾಯಿಗಳ ಮೂಳೆಯ ಸುರಂಗದಲ್ಲಿ ರಜ್ಜುವನ್ನು ಇರಿಸಿ ನೋಡಿದಾಗ, ಎಂಟು ವಾರದವರೆಗೂ ಜಗ್ಗಿದರೆ ರಜ್ಜು ಕಳಚಿ ಬರುತ್ತಿತ್ತು. ಹನ್ನೆರಡನೆಯ ವಾರಕ್ಕೆ ಕಚ್ಚಿಕೊಂಡಿತ್ತು. ಆಮೇಲೂ ಹುಟ್ಟಿದಾಗ ಇದ್ದ ಆ ಹಂತಹಂತದ ಕೂಡಿಕೆ ಮರಳಿ ಬರುವುದಿಲ್ಲ, ಬರುವುದು ಕಲೆಗಟ್ಟಿದ ಅಂಗಾಂಶ. 2004ರಲ್ಲಿ ಅಮೆರಿಕದ ಲೀಸಾ ಗಲಾಟ್ಜ್ ಮತ್ತು ಸಂಗಡಿಗರು, ದುರ್ಬೀನಿನಿಂದ ದೊಡ್ಡ ಹರುಕುಗಳನ್ನು ಹೊಲಿಸಿಕೊಂಡ 18 ಜನರನ್ನು ವರ್ಷ ಕಳೆದ ಮೇಲೆ ಅಲ್ಟ್ರಾಸೌಂಡಿನಲ್ಲಿ ನೋಡಿದರು. 17 ಜನರಲ್ಲಿ ಹರುಕು ಮತ್ತೆ ಇತ್ತು. ಸೋಜಿಗವೆಂದರೆ ಆ ಹೊತ್ತಿಗೆ ಅವರಲ್ಲಿ ಬಹುಪಾಲು ಜನರ ನೋವು ಇಳಿದು ಕೈ ಮೇಲೇಳುತ್ತಿತ್ತು! ಎರಡನೆಯ ವರ್ಷಕ್ಕೆ ಆ ಸುಖ ಸ್ವಲ್ಪ ಕುಗ್ಗಿತು. ಕರೆದು ನೋಡದಿದ್ದರೆ ಹದಿನೆಂಟೂ ಗೆಲುವು ಎಂದು ಬರೆದುಕೊಳ್ಳಬಹುದಿತ್ತು.

ನಮ್ಮ ಕಡೆ ಹೊಲಿಗೆ ಬಿಚ್ಚಿದ ಮೇಲೆ ರೋಗಿ ಮತ್ತೆ ಬರುವುದೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕಳೆದುಕೊಂಡು, ಚೆನ್ನಾಗಿದ್ದೇನೆ ಎಂದು ಹೇಳಲು ಯಾರು ಬಂದಾರು? ನಾನು ಕೆಲವು ವರ್ಷ ಜವಾಬಿ ಕಾರ್ಡು ಕಳಿಸಿ ನೋಡಿದೆ. ಕೈ ತಲೆಯ ಮೇಲಕ್ಕೆ ಏಳುತ್ತದೆಯೆ, ರಾತ್ರಿ ಆ ಮಗ್ಗುಲಿಗೆ ಮಲಗಬಲ್ಲಿರಾ, ಭಾರ ಎತ್ತುತ್ತೀರಾ ಎಂದು ಮೂರೇ ಪ್ರಶ್ನೆ. ಕೆಲವರು ಮೂರಕ್ಕೂ ನೆಟ್ಟಗೆ ಉತ್ತರಿಸಿದರು. ಒಬ್ಬರು ಪ್ರಶ್ನೆಗಳನ್ನೆಲ್ಲ ಬಿಟ್ಟು ಈ ಸಲ ಮಳೆ ಆಗಲಿಲ್ಲವೆಂದು ಬರೆದರು. ಇನ್ನೊಬ್ಬರ ಕಾರ್ಡನ್ನು ಅವರ ಮಗ ತುಂಬಿ ಕಳಿಸಿದ್ದ: ಅಪ್ಪನ ಕೈ ಏಳುವುದಿಲ್ಲ, ಆದರೆ ನಿಮಗೆ ಬೇಸರವಾದೀತೆಂದು ಏಳುತ್ತದೆ ಅಂತ ಬರೆಯಲು ಹೇಳಿದ್ದಾರೆ.